‘ವಿಷಯ’ದ ಕಾಲಂನಲ್ಲಿ ಒಂದೇ ಪದ ಬರೆಯಿರಿ ಎಂದವರಿಗೆ

ಇವರಿಗೆ,
ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಡೀನ್‌ಗಳು ಮತ್ತು ನೇಮಕಾತಿ ಸಮಿತಿಗಳ ಸದಸ್ಯರು

ವಿಷಯ: ಮಿದುಳಿನ ಬಗ್ಗೆ ಓದುವವರೂ ಕಂಪ್ಯೂಟರ್ ಓದುವವರೂ ಕೆಲವು ವಾರ ಒಬ್ಬರ ಲ್ಯಾಬಿಗೆ ಇನ್ನೊಬ್ಬರು ಹೋಗಿ ಕೆಲಸ ಮಾಡಲು ಅವಕಾಶ ಕೋರಿ

ಮಾನ್ಯರೇ,

ಮೇಲೆ ‘ವಿಷಯ’ ಅಂತ ಬರೆಯುವಾಗಲೇ ನನಗೆ ನಗು ಬಂತು. ಯಾಕೆಂದರೆ ಈ ಪತ್ರಕ್ಕೆ ಕಾರಣವೇ ಆ ಪದ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ್ದೆ. ಪಿಎಚ್‌ಡಿ ವಿಷಯ ಎಂಬ ಕಾಲಂನಲ್ಲಿ ‘ಕಂಪ್ಯೂಟರ್ ಸೈನ್ಸ್ ಮತ್ತು ನ್ಯೂರೋಸೈನ್ಸ್’ ಎಂದು ಬರೆದಿದ್ದೆ. ದಾಖಲೆ ಪರಿಶೀಲನೆಯ ದಿನ ಗುಮಾಸ್ತರು ಅದನ್ನು ನೋಡಿ, ‘ಮೇಡಂ, ಇಲ್ಲಿ ಒಂದೇ ಬರೀಬೇಕು. ಎರಡು ಬರೆದ್ರೆ ಸಿಸ್ಟಮ್ ತಗೊಳಲ್ಲ’ ಎಂದು ಎರಡನೇ ಪದದ ಮೇಲೆ ಕೆಂಪು ಗೀಟು ಎಳೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪಾಪ, ಕೊಟ್ಟ ಫಾರಂ ತುಂಬಿಸಿಕೊಳ್ಳುವವರು.

ಒಳಗೆ ಸಂದರ್ಶನದಲ್ಲಿ ಕೂತಿದ್ದವರು ಓದಿಕೊಂಡವರು. ನನ್ನ ಬಿಇ, ಎಂಟೆಕ್, ಪಿಎಚ್‌ಡಿ ಮೂರೂ ಕಂಪ್ಯೂಟರ್ ಸೈನ್ಸ್ ವಿಭಾಗದ್ದೇ. ಆದರೆ ಪ್ರಬಂಧ ಇದ್ದದ್ದು ಮೂರ್ಛೆ ರೋಗಿಗಳ ಇಇಜಿಯ, ಅಂದರೆ ತಲೆಗೆ ತಂತಿ ಅಂಟಿಸಿ ದಾಖಲಿಸುವ ಮಿದುಳಿನ ವಿದ್ಯುತ್ ಅಲೆಗಳ ಮೇಲೆ, ಪೇಪರ್‌ಗಳು ಬಂದದ್ದು ಮಿದುಳಿಗೆ ಸಂಬಂಧಿಸಿದ ಪತ್ರಿಕೆಗಳಲ್ಲಿ. ‘ಇವು ಮೆಡಿಕಲ್ ಕಡೆಯ ಪೇಪರ್‌ಗಳು. ನಮ್ಮ ಸಬ್ಜೆಕ್ಟಿನಲ್ಲಿ ಇದಕ್ಕೆ ಅಂಕ ಕೊಡೋಕೆ ಬರಲ್ಲ’ ಎಂದರು. ಮುಂದಿನ ವರ್ಷ ಇನ್ನೊಂದು ಕಡೆ, ಜೀವವಿಜ್ಞಾನ ವಿಭಾಗದಲ್ಲಿ ಪ್ರಯತ್ನಿಸಿದೆ. ‘ನೀವು ಇಂಜಿನಿಯರ್ ಅಲ್ವಾ?’ ಎಂದರು. ತವರಿಗೆ ಹೋದರೆ ಮದುವೆಯಾದವಳು, ಅತ್ತೆ ಮನೆಗೆ ಹೋದರೆ ಹೊರಗಿನವಳು. ಆ ಥರ ಆಯಿತು.

ಕೆಲಸ ಸಿಗಲಿಲ್ಲ ಅಂತ ಅಳಲು ಈ ಪತ್ರ ಬರೆಯುತ್ತಿಲ್ಲ. ನನಗೆ ಈಗ ಒಂದು ಜಿಲ್ಲಾ ಕೇಂದ್ರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಇದೆ, ಪಾಠ ಮಾಡುವುದು ಇಷ್ಟವೂ ಇದೆ. ಬರೆಯುತ್ತಿರುವುದು ಈ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳ ಅರ್ಜಿಯ ಮೇಲೆ ಅದೇ ಕೆಂಪು ಗೀಟು ಬಿದ್ದದ್ದಕ್ಕೆ. ಅವಳ ಕಥೆಗೆ ಆಮೇಲೆ ಬರುತ್ತೇನೆ. ಆ ಗೀಟಿನಿಂದ ಏನು ಹೋಗುತ್ತದೆ ಎಂಬುದನ್ನು ಮೊದಲು ನನ್ನದೇ ಮಾನ ಕಳೆದುಕೊಂಡು ಹೇಳಬೇಕು.

ಪಿಎಚ್‌ಡಿಯ ಎರಡನೇ ವರ್ಷ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ 22 ರೋಗಿಗಳಿಂದ ಪಡೆದು ಎಲ್ಲರ ಬಳಕೆಗೆ ಬಿಟ್ಟಿರುವ ಇಇಜಿ ದಾಖಲೆಗಳಿವೆ. ಪ್ರತಿ ತಂತಿಯಲ್ಲೂ ಸೆಕೆಂಡಿಗೆ 256 ಸಲ ಅಳತೆ. ನಮ್ಮ ಕ್ಷೇತ್ರದಲ್ಲಿ ಅದನ್ನು ಮುಟ್ಟದವರು ಕಡಿಮೆ. ನಾನೂ ಅದನ್ನೇ ತೆಗೆದುಕೊಂಡು, ಎರಡೆರಡು ಸೆಕೆಂಡಿನ ತುಂಡು ಮಾಡಿ, ಇಸ್ಪೀಟ್ ಎಲೆ ಕಲಸಿದಂತೆ ಕಲಸಿ, ಒಂದು ಪಾಲನ್ನು ಮೂರ್ಛೆ ಗುರುತಿಸಲು ನನ್ನ ಪ್ರೋಗ್ರಾಂ ಕಲಿಯುವುದಕ್ಕೆ, ಇನ್ನೊಂದು ಪಾಲನ್ನು ಪರೀಕ್ಷೆಗೆ ಇಟ್ಟೆ. ಫಲಿತಾಂಶ ಶೇಕಡಾ 90 ದಾಟಿತು. ಲ್ಯಾಬಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದ್ದೆ.

ನನ್ನ ಗೈಡ್ ಸ್ವಲ್ಪ ಹಳೇ ಕಾಲದವರು. ಮೈಸೂರು ಪಾಕ್ ತಿಂದರು, ಆಮೇಲೆ ‘ನೀನು ಇಇಜಿ ತೆಗೆಯೋದನ್ನ ಯಾವತ್ತಾದ್ರೂ ಕಣ್ಣಾರೆ ನೋಡಿದೀಯೇನಮ್ಮಾ?’ ಎಂದು ಕೇಳಿದರು. ನೋಡಿರಲಿಲ್ಲ. ಪರಿಚಯದ ವೈದ್ಯರೊಬ್ಬರಿಗೆ ಫೋನ್ ಮಾಡಿ ನನ್ನನ್ನು ಆರು ವಾರ ಅವರ ಆಸ್ಪತ್ರೆಗೆ ಕಳಿಸಿದರು. ಕಾಗದದ ಮೇಲೆ ಅದು ರಜೆ. ಹಾಜರಾತಿ ಪುಸ್ತಕದಲ್ಲಿ ಅದಕ್ಕೆ ಬೇರೆ ಕಾಲಂ ಇರಲಿಲ್ಲ.

ಆ ಇಇಜಿ ಕೋಣೆಯ ಬಾಗಿಲ ಮೇಲೆ ಅಂಟಿಸಿದ್ದ ಮೊದಲ ಚೀಟಿಯೇ ‘ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದು’. ನಮ್ಮ ಕಡೆ ಆಸ್ಪತ್ರೆಗೆ ಹೋಗುವಾಗ ಅಮ್ಮಂದಿರು ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಬಾಚಿ, ಚೆನ್ನಾಗಿ ಕಾಣುವಂತೆ ಮಾಡಿಯೇ ಕರೆದುಕೊಂಡು ಬರುತ್ತಾರೆ. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಸಿಗ್ನಲ್ ಕೆಡುತ್ತದೆ, ಗೋಡೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಒಳಗೆ ನುಗ್ಗುತ್ತದೆ. ಅಲ್ಲಿನ ಟೆಕ್ನಿಶಿಯನ್ ಮೂವತ್ತು ವರ್ಷ ಅದೇ ಕೋಣೆಯಲ್ಲಿ ಕೆಲಸ ಮಾಡಿದವರು. ಟೇಪ್ ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಅಳೆದು, ಶೇಕಡಾ 10, ಶೇಕಡಾ 20ರ ಅಂತರಕ್ಕೆ ಗುರುತು ಹಾಕಿ, ಚರ್ಮ ಉಜ್ಜಿ, ಪೇಸ್ಟ್ ಇಟ್ಟು ಒಂದೊಂದೇ ಎಲೆಕ್ಟ್ರೋಡ್ ಕೂರಿಸುತ್ತಿದ್ದರು. ದರ್ಜಿ ಅಳತೆ ತೆಗೆದಷ್ಟೇ ನಾಜೂಕು.

ಒಂದು ದಿನ ಪರದೆಯ ಮೇಲೆ ದಟ್ಟವಾದ, ಚೂಪಾದ ಗೆರೆಗಳು ಬಂದವು. ನನ್ನ ಪ್ರೋಗ್ರಾಂ ‘ಫಿಟ್ಸ್’ ಎಂದಿತು. ನಾನೂ ಹಾಗೇ ಅಂದುಕೊಂಡೆ. ಟೆಕ್ನಿಶಿಯನ್ ಗಾಜಿನ ಆಚೆ ಕೈ ತೋರಿಸಿದರು. ‘ಏನಮ್ಮಾ, ಅವರು ಹಲ್ಲು ಕಚ್ಚಿಕೊಂಡಿದಾರೆ, ಅಷ್ಟೇ. ದವಡೆ ಸ್ನಾಯುವಿಂದು. ಫಿಟ್ಸ್ ಸಾಮಾನ್ಯವಾಗಿ ಹೀಗೆ ಎಲ್ಲಾ ಕಡೆ ಒಟ್ಟಿಗೆ ಬಂದು ಥಟ್ ಅಂತ ನಿಂತು ಹೋಗಲ್ಲ. ಅದಕ್ಕೊಂದು ನಡಿಗೆ ಇರುತ್ತೆ.’ ಆ ‘ನಡಿಗೆ’ ಎಂಬ ಮಾತನ್ನು ಆಮೇಲೆ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯವನ್ನಾಗಿ ಮಾಡಿದೆ. ಮೂರ್ಛೆ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ, ಎಲ್ಲಿ ಶುರುವಾಗಿ ಎಲ್ಲಿಗೆ ಹರಡುತ್ತದೆ ಎಂಬುದನ್ನು ಹಿಡಿಯುವ ಲೆಕ್ಕ ಅದು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಇದೆ. ಸಹಲೇಖಕರ ಪಟ್ಟಿಯಲ್ಲಿ ಇಲ್ಲ. ಅದು ನನ್ನ ತಪ್ಪು.

ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಅಲ್ಲೇ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗ. ನನ್ನ ಸ್ಲೈಡ್ ನೋಡಿ, ‘ಅಕ್ಕಾ, ಒಬ್ಬನೇ ಪೇಷಂಟಿನ ತುಂಡುಗಳು ಕಲಿಯೋ ಕಡೆನೂ ಇವೆ, ಪರೀಕ್ಷೆ ಕಡೆನೂ ಇವೆ ಅಲ್ವಾ?’ ಎಂದ. ಹೌದು, ಇದ್ದವು. ಪ್ರೋಗ್ರಾಂ ಮೂರ್ಛೆಯನ್ನು ಕಲಿತಿರಲಿಲ್ಲ. ಆ 22 ಜನರ ತಲೆಗಳನ್ನು ಗುರುತು ಹಿಡಿಯಲು ಕಲಿತಿತ್ತು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟು ರ‍್ಯಾಂಕ್ ಬಂತು ಅಂತ ಸಿಹಿ ಹಂಚಿದ ಹಾಗಾಗಿತ್ತು ನನ್ನ ಕೆಲಸ. ಒಬ್ಬ ರೋಗಿಯನ್ನು ಪೂರ್ತಿ ಹೊರಗಿಟ್ಟು, ಉಳಿದವರ ಮೇಲೆ ಕಲಿಸಿ, ಹೊರಗಿಟ್ಟವರ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಇಳಿಯಿತು. ಆಸ್ಪತ್ರೆಗೆ ನಾಳೆ ಬರುವವರು ಹೊಸ ರೋಗಿ ತಾನೇ? ಈ ತಪ್ಪು ನನ್ನೊಬ್ಬಳದಲ್ಲ. ಇಂಥ ಪೇಪರ್‌ಗಳು ಇವತ್ತಿಗೂ ಅಚ್ಚಾಗುತ್ತಿವೆ, ಅವುಗಳಿಗೆ ನೀವು ಅಂಕವನ್ನೂ ಕೊಡುತ್ತಿದ್ದೀರಿ. ಯಾಕೆಂದರೆ ಅವುಗಳ ವಿಷಯ ಶುದ್ಧ ಕಂಪ್ಯೂಟರ್ ಸೈನ್ಸ್.

ಹೋದವಳು ಬರೀ ತೆಗೆದುಕೊಂಡು ಬಂದಳು ಅಂತ ತಿಳಿಯಬೇಡಿ. ಅದೇ ಹುಡುಗ ತನ್ನ ಲ್ಯಾಬಿನ ಇಲಿಗಳ ವಿಡಿಯೊ ಮುಂದೆ ಕೂತು, ಒಂದೊಂದು ಫ್ರೇಮ್ ನಿಲ್ಲಿಸಿ, ಮೂಗು ಎಲ್ಲಿದೆ, ಪಂಜ ಎಲ್ಲಿದೆ, ಬಾಲದ ಬುಡ ಎಲ್ಲಿದೆ ಅಂತ ಕೈಯಿಂದ ಗುರುತು ಹಾಕುತ್ತಿದ್ದ. ತಿಂಗಳುಗಟ್ಟಲೆ. 2018ರಲ್ಲಿ ಡೀಪ್‌ಲ್ಯಾಬ್‌ಕಟ್ ಎಂಬ ಉಚಿತ ತಂತ್ರಾಂಶ ಬಂದಿತ್ತು. ಕೆಲವು ನೂರು ಫ್ರೇಮಿಗೆ ಗುರುತು ಹಾಕಿ ಕೊಟ್ಟರೆ ಉಳಿದದ್ದನ್ನು ಅದೇ ಹಾಕುತ್ತದೆ. ಅದನ್ನು ಬರೆದ ಗುಂಪಿನಲ್ಲೂ ಇಲಿಯ ಮೇಲೆ ಪ್ರಯೋಗ ಮಾಡುವವರು, ಕಂಪ್ಯೂಟರಿಗೆ ನೋಡಲು ಕಲಿಸುವವರು ಇಬ್ಬರೂ ಇದ್ದರು. ನಾನು ಒಂದು ವಾರ ಜೊತೆ ಕೂತು ಅವನಿಗೆ ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಸಿದೆ. ಅವನು ಈಗ ವೈದ್ಯಕೀಯ ಯಂತ್ರಗಳ ಕಂಪನಿಯೊಂದರಲ್ಲಿದ್ದಾನೆ. ಅಲ್ಲಿ ಅವನನ್ನು ತೆಗೆದುಕೊಂಡದ್ದು ಪಿಎಚ್‌ಡಿಗಲ್ಲ, ಸಿಗ್ನಲ್ಲೂ ಗೊತ್ತು, ಕೋಡೂ ಗೊತ್ತು ಎಂಬುದಕ್ಕೆ ಅಂತ ಅವನೇ ಹೇಳುತ್ತಾನೆ.

ಆರು ವಾರ, ಅಷ್ಟೇ. ನನ್ನ ಮತ್ತು ಅವನ ಇಬ್ಬರ ಬದುಕಿನ ದಾರಿಯೂ ಬದಲಾಯಿತು.

ಇದನ್ನೆಲ್ಲ ಹೇಳಿದಾಗ ಒಬ್ಬ ಹಿರಿಯ ಪ್ರೊಫೆಸರ್ ನನಗೆ ಹೇಳಿದ ಮಾತು ಒಂದೇ: ‘ಇದು ವಿಷಯಾಂತರ.’ ಅವರಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಸಾರ್, ತಾವು ಕಲಿಸುತ್ತಿರುವ ಮಷಿನ್ ಲರ್ನಿಂಗ್, ಅಂದರೆ ಕಂಪ್ಯೂಟರಿಗೆ ಉದಾಹರಣೆಗಳಿಂದ ಕಲಿಸುವ ವಿದ್ಯೆಯ ಸಿಲಬಸ್ಸಿನ ಅರ್ಧ ಬಂದಿರುವುದೇ ವಿಷಯಾಂತರದಿಂದ.

ನರಕೋಶವನ್ನು ಹೌದು-ಇಲ್ಲ ಎಂದಷ್ಟೇ ಉತ್ತರಿಸುವ ಗಣಿತದ ಗೇಟ್‌ನಂತೆ ಮೊದಲು ಬರೆದವರು ವಾರನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್. 1943ರ ಮಾತು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ತರ್ಕಶಾಸ್ತ್ರದ ಹುಚ್ಚು ಹಿಡಿದ ಇಪ್ಪತ್ತರ ಹುಡುಗ. ಎರಡೇ ವರ್ಷದಲ್ಲಿ, 1945ರಲ್ಲಿ, ಜಾನ್ ವಾನ್ ನಾಯ್ಮನ್ ಹೊಸ ಕಂಪ್ಯೂಟರಿನ ವಿನ್ಯಾಸದ ವರದಿ ಬರೆಯುವಾಗ ಇವರ ನರಕೋಶದ ಚಿತ್ರಗಳನ್ನೇ ಬಳಸಿಕೊಂಡರು. ಪರ್ಸೆಪ್ಟ್ರಾನ್ ಎಂಬ ಕಲಿಯುವ ಯಂತ್ರ ಕಟ್ಟಿದ ಫ್ರಾಂಕ್ ರೋಸೆನ್‌ಬ್ಲಾಟ್ ಮನಶ್ಶಾಸ್ತ್ರಜ್ಞ. ಹ್ಯೂಬೆಲ್ ಮತ್ತು ವೀಸಲ್ ಬೆಕ್ಕಿನ ಮಿದುಳಿನಲ್ಲಿ ಗೆರೆಗಳಿಗೆ ಪ್ರತಿಕ್ರಿಯಿಸುವ ಕೋಶಗಳನ್ನು ಕಂಡರು, 1981ರಲ್ಲಿ ನೊಬೆಲ್ ಪಡೆದರು. ಅವರ ಕೆಲಸವನ್ನು ಓದಿ ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ನಿಯೊಕಾಗ್ನಿಟ್ರಾನ್ ಎಂಬ ಆಕಾರ ಗುರುತಿಸುವ ಜಾಲ ಮಾಡಿದರು. ಇವತ್ತು ನಿಮ್ಮ ಮೊಬೈಲ್ ಫೋಟೊದಲ್ಲಿ ಮುಖ ಗುರುತಿಸುವ ಜಾಲಗಳಿಗೆ ಅದು ಹಿರಿಯಜ್ಜ. ಇಂಥ ಜಾಲಗಳಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಕೇಂಬ್ರಿಜ್‌ನಲ್ಲಿ ಓದಿದ್ದು ಪ್ರಾಯೋಗಿಕ ಮನಶ್ಶಾಸ್ತ್ರ. 2024ರಲ್ಲಿ ಅವರಿಗೆ ಜಾನ್ ಹಾಪ್‌ಫೀಲ್ಡ್ ಜೊತೆ ಬಂದದ್ದು ಭೌತವಿಜ್ಞಾನದ ನೊಬೆಲ್. ನಮ್ಮ ಫಾರಂನಲ್ಲಿ ಅವರು ‘ವಿಷಯ’ ಏನು ಬರೆಯಬೇಕಿತ್ತು? ನಮ್ಮ ಗುಮಾಸ್ತರು ಎಷ್ಟು ಗೀಟು ಎಳೆಯಬೇಕಿತ್ತು?

ನನಗೆ ಜಾಸ್ತಿ ಇಷ್ಟವಾದ ಕಥೆ ಮಿದುಳಿನಲ್ಲಿರುವ ಡೋಪಮಿನ್ ಎಂಬ ರಾಸಾಯನಿಕದ್ದು. ಪೀಟರ್ ದಯಾನ್ ಗಣಿತದ ಹಿನ್ನೆಲೆಯಿಂದ ಬಂದವರು. 1990ರ ದಶಕದ ಶುರುವಿನಲ್ಲಿ ಅವರೂ ರೀಡ್ ಮಾಂಟೆಗ್ಯೂ ಎಂಬ ನರವಿಜ್ಞಾನಿಯೂ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಟೆರಿ ಸೆನೋವ್ಸ್ಕಿ ಅವರ ಲ್ಯಾಬಿನಲ್ಲಿ ಒಟ್ಟಿಗಿದ್ದರು. ಅತ್ತ ಯುರೋಪಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಅವುಗಳ ಮಿದುಳಿನ ಡೋಪಮಿನ್ ಕೋಶಗಳನ್ನು ಅಳೆಯುತ್ತಿದ್ದರು. ಒಂದು ವಿಚಿತ್ರ ಕಂಡಿತ್ತು. ಮೊದಮೊದಲು ರಸ ಬಂದಾಗ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಯಾವಾಗಲೂ ಒಂದು ದೀಪ ಹೊತ್ತುತ್ತದೆ ಎಂದು ಕೋತಿಗೆ ಗೊತ್ತಾದ ಮೇಲೆ, ದೀಪಕ್ಕೆ ಮಿಡಿದು, ರಸಕ್ಕೆ ಸುಮ್ಮನಿರುತ್ತಿದ್ದವು. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಾದ ಹೊತ್ತಿಗೆ ಸರಿಯಾಗಿ ಮಿಡಿತ ಕುಸಿಯುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಬೇಕರಿ ಪೊಟ್ಟಣ ನೆನೆದು ಓಡುತ್ತಿದ್ದೆವಲ್ಲ, ಹಾಗೆ. ಖುಷಿ ಇದ್ದದ್ದು ಸ್ಕೂಟರ್ ಸದ್ದಿಗೆ. ಬರಿಗೈಲಿ ಬಂದ ದಿನ ಮುಖ ಇಳಿಯುತ್ತಿತ್ತು.

ದಯಾನ್ ಮತ್ತು ಮಾಂಟೆಗ್ಯೂಗೆ ಇದು ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಕಂಪ್ಯೂಟರಿಗೆ ಕಲಿಸಲು ರಿಚರ್ಡ್ ಸಟ್ಟನ್ ಬರೆದಿದ್ದ ಲೆಕ್ಕವೊಂದಿತ್ತು. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದಿಂದ ಕಲಿಯುವ ಲೆಕ್ಕ. ಕೋತಿಯ ಮಿದುಳು ಅದನ್ನೇ ಮಾಡುತ್ತಿರುವಂತೆ ಕಂಡಿತು. 1997ರಲ್ಲಿ ಇವರಿಬ್ಬರೂ ಶುಲ್ಟ್ಸ್ ಜೊತೆ ಸೇರಿ ಬರೆದ ಪೇಪರ್ ಇವತ್ತು ಎರಡೂ ಕಡೆಯವರಿಗೂ ಪಠ್ಯ. ಬೇರೆ ಬೇರೆ ಕಟ್ಟಡದಲ್ಲಿ ಕೂತಿದ್ದರೆ ಆ ಸಾಮ್ಯ ಯಾರ ಕಣ್ಣಿಗೆ ಬೀಳುತ್ತಿತ್ತು? ಶುಲ್ಟ್ಸ್ ಮತ್ತು ದಯಾನ್ ಅವರಿಗೆ 2017ರಲ್ಲಿ, ರೇ ಡೋಲನ್ ಜೊತೆಗೆ, ಮಿದುಳಿನ ಸಂಶೋಧನೆಗೆ ಕೊಡುವ ಬ್ರೇನ್ ಪ್ರೈಜ್ ಬಂತು. ಸಟ್ಟನ್ ಮತ್ತು ಅವರ ಗುರು ಆಂಡ್ರೂ ಬಾರ್ಟೊಗೆ ಕಂಪ್ಯೂಟರ್ ಸೈನ್ಸಿನ ದೊಡ್ಡ ಗೌರವವಾದ 2024ರ ಟ್ಯೂರಿಂಗ್ ಪ್ರಶಸ್ತಿ.

ಡೆಮಿಸ್ ಹಸಾಬಿಸ್ ಹೆಸರು ನಿಮಗೆಲ್ಲ ಗೊತ್ತು. ಕಂಪ್ಯೂಟರ್ ಸೈನ್ಸ್ ಓದಿ, ವಿಡಿಯೊ ಗೇಮ್ ಕಂಪನಿ ನಡೆಸಿದವರು. ಆಮೇಲೆ ಲಂಡನ್ನಿನಲ್ಲಿ ನರವಿಜ್ಞಾನದ ಪಿಎಚ್‌ಡಿಗೆ ಸೇರಿದರು. ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಹಾಳಾಗಿ ನೆನಪು ಕಳೆದುಕೊಂಡವರಿಗೆ ಹೊಸದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು ತೋರಿಸಿದರು. 2010ರಲ್ಲಿ ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆ ಕಂಪನಿ ಶುರು ಮಾಡಿದವರಲ್ಲಿ ಒಬ್ಬರಾದರು. 2024ರಲ್ಲಿ ರಸಾಯನ ವಿಜ್ಞಾನದ ನೊಬೆಲ್. ಅವರು ನಮ್ಮ ಕಡೆ ಹುಟ್ಟಿದ್ದರೆ ಪಿಎಚ್‌ಡಿ ಸೀಟಿಗೇ ‘ಸಂಬಂಧಿತ ವಿಷಯ ಅಲ್ಲ’ ಎಂಬ ಷರಾ ಬೀಳುತ್ತಿತ್ತೇನೋ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೀಗೆ ಆಚೆ ಈಚೆ ಹೋದವರೆಲ್ಲ ಹಸಾಬಿಸ್ ಆಗುವುದಿಲ್ಲ. ಕೆಲವರು ಹೋಗಿ ಸುಮ್ನೆ ಕಾಫಿ ಕುಡಿದು ಬರುತ್ತಾರೆ. ಇನ್ನು ಕೆಲವರು ಎಲ್ಲ ಸ್ಲೈಡಿನಲ್ಲೂ ಮಿದುಳಿನ ಚಿತ್ರ ಹಾಕಿ, ‘ನಮ್ಮ ಅಲ್ಗಾರಿದಂ ಮಿದುಳಿನ ಥರಾನೇ’ ಎನ್ನುತ್ತಾರೆ. ಅದು ಸುಳ್ಳು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಆಮೇಲೆ ಮಿದುಳಿನ ಕಡೆ ಹೊರಳಿದವರು. 1989ರಲ್ಲೇ ಅವರು, ಕಂಪ್ಯೂಟರಿನ ಜಾಲಗಳು ತಪ್ಪನ್ನು ಹಿಂದಕ್ಕೆ ಹಂಚಿ ಕಲಿಯುವ ವಿಧಾನ (ಬ್ಯಾಕ್‌ಪ್ರೊಪಗೇಶನ್) ನಿಜವಾದ ನರಕೋಶಗಳಿಗೆ ಹೊಂದುವುದಿಲ್ಲ ಎಂದು ಕಟುವಾಗಿ ಬರೆದರು. ಅಂಥ ಮಾತು ಹೇಳುವವರು ಬೇಕೆಂದೇ ನಾನು ಈ ಓಡಾಟ ಕೇಳುತ್ತಿರುವುದು. ಒಂದೇ ವಿಭಾಗದಲ್ಲಿ ಕೂತವರಿಗೆ ತಮ್ಮ ಸ್ಲೈಡಿನ ಸುಳ್ಳು ಕಾಣುವುದಿಲ್ಲ.

ಹೊರದೇಶದ ಮಾತು ಸಾಕು. ಇದಕ್ಕೆ ನಮ್ಮ ಬೆಂಗಳೂರಿಗಿಂತ ಒಳ್ಳೆಯ ಊರು ಎಲ್ಲಿದೆ ಹೇಳಿ? ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಅಲ್ಲೇ ಮಿದುಳುಗಳನ್ನು ಸಂಶೋಧನೆಗಾಗಿ ಜೋಪಾನ ಮಾಡುವ ಬ್ರೇನ್ ಬ್ಯಾಂಕ್. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್. ಅಲ್ಲಿ ಉಪಿಂದರ್ ಭಲ್ಲಾ ಅವರ ಗುಂಪು ನರಕೋಶದ ಒಳಗಿನ ರಾಸಾಯನಿಕ ಕ್ರಿಯೆಯಿಂದ ಹಿಡಿದು ಜಾಲದವರೆಗೆ ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ‘ಮೂಸ್’ ಎಂಬ ತಂತ್ರಾಂಶ ಕಟ್ಟಿದೆ. ಐಐಎಸ್‌ಸಿಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರ ಇದೆ. ಅಲ್ಲಿನ ಎಸ್.ಪಿ. ಅರುಣ್ ಮೂಲತಃ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು. ನಾವು ನೋಡುವುದಕ್ಕೂ ಕಂಪ್ಯೂಟರಿನ ಜಾಲಗಳು ‘ನೋಡುವುದಕ್ಕೂ’ ಎಲ್ಲಿ ಹೋಲಿಕೆ ಇದೆ, ಎಲ್ಲಿ ಇಲ್ಲ ಎಂಬುದನ್ನು ಅವರ ಗುಂಪು 2021ರಲ್ಲಿ ಒಂದೊಂದಾಗಿ ಬಿಡಿಸಿ ತೋರಿಸಿತು. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸಿ, ವಯಸ್ಸಾದಂತೆ ನೆನಪು ಹೇಗೆ ಮಾಸುತ್ತದೆ ಎಂದು ನೋಡುತ್ತಿದ್ದಾರೆ. ಗುರಿ 10 ಸಾವಿರ ಜನ. ಎಂಆರ್‌ಐ, ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ ಎಲ್ಲವೂ ಸೇರಿ ಎಷ್ಟು ಮಾಹಿತಿ ರಾಶಿ ಬೀಳುತ್ತದೆ ಯೋಚಿಸಿ. ಅದನ್ನು ಓದಲು ಬರೀ ಕೋಡ್ ಗೊತ್ತಿದ್ದರೆ ಸಾಲದು. ಶಾಲೆಗೆ ಹೋಗದ ಅಜ್ಜಿ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದರೆ ಅದು ಮರೆವೋ ಅಥವಾ ಪ್ರಶ್ನೆಯೇ ಅವರಿಗೆ ಹೊಸದೋ ಎಂದು ಅನುಮಾನ ಪಡುವ ಬುದ್ಧಿಯೂ ಬೇಕು.

ಉದ್ಯೋಗದ ಲೆಕ್ಕ ಕೇಳುವವರಿಗೆ ಇನ್ನೊಂದು. ಜಿಇ, ಫಿಲಿಪ್ಸ್, ಸೀಮೆನ್ಸ್ ಕಂಪನಿಗಳ ವೈದ್ಯಕೀಯ ವಿಭಾಗಗಳ ದೊಡ್ಡ ಅಭಿವೃದ್ಧಿ ಕೇಂದ್ರಗಳು ಇರುವುದೂ ಬೆಂಗಳೂರಿನಲ್ಲೇ. ಪಕ್ಕದ ಮದ್ರಾಸ್ ಐಐಟಿಯ ಮಿದುಳು ಕೇಂದ್ರದವರು 2024ರಲ್ಲಿ ಭ್ರೂಣದ ಮಿದುಳಿನ 5 ಸಾವಿರಕ್ಕೂ ಹೆಚ್ಚು ಸೀಳುಗಳ ಚಿತ್ರಕೋಶವನ್ನು ಎಲ್ಲರಿಗೂ ತೆರೆದಿಟ್ಟರು. ಅದೇ ವರ್ಷ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಬಂತು, ಸುಮಾರು 1 ಲಕ್ಷ 40 ಸಾವಿರ ನರಕೋಶ. 1986ರಲ್ಲಿ ಬರೀ 302 ನರಕೋಶದ ಹುಳುವಿನ ನಕ್ಷೆ ಹೊರಬರುವ ಮುಂಚೆ ಹತ್ತು ವರ್ಷಕ್ಕಿಂತ ಜಾಸ್ತಿ ಕೈಕೆಲಸ ಹಿಡಿದಿತ್ತು. ಈಗ ಕಂಪ್ಯೂಟರ್ ಮೊದಲ ಕರಡು ಹಾಕುತ್ತದೆ. ತಪ್ಪು ತಿದ್ದಲು ಕೋಶದ ಆಕಾರ ಗೊತ್ತಿರುವ ಮನುಷ್ಯರೇ ಬೇಕು. ಕೆಲಸ ಹುಟ್ಟುತ್ತಿರುವುದು ಈ ನಡುವಿನ ಜಾಗದಲ್ಲಿ. ನಮ್ಮ ಕಾಲೇಜುಗಳಲ್ಲಿ ಆ ಜಾಗಕ್ಕೆ ಹೆಸರೇ ಇಲ್ಲ.

ಈಗ ಆ ಹುಡುಗಿಯ ಕಥೆ. ಬಯಲುಸೀಮೆಯ ಒಂದು ಹಳ್ಳಿಯವಳು. ಆರನೇ ಸೆಮಿಸ್ಟರ್. ಅವಳ ಅಜ್ಜನಿಗೆ ಲಕ್ವ ಹೊಡೆದು ಮಾತು ಹೋಯಿತು. ಮಾತು ಹೋದವರ ಮಿದುಳಿನ ಸಂಕೇತದಿಂದ ಪದ ಹುಡುಕುವ ಸಂಶೋಧನೆ ಬಗ್ಗೆ ಓದಿದಳು, ನನ್ನ ಹತ್ತಿರ ಬಂದಳು. ರಾತ್ರಿ ಹಗಲು ಕಲಿತು, ಬೆಂಗಳೂರಿನ ಒಂದು ನರವಿಜ್ಞಾನ ಲ್ಯಾಬಿನಲ್ಲಿ ಎಂಟು ವಾರ ಕೆಲಸ ಮಾಡಲು ಆಯ್ಕೆಯಾದಳು. ನಮ್ಮ ಕಾಲೇಜಿನ ಇತಿಹಾಸದಲ್ಲಿ ಅಂಥ ಆಯ್ಕೆ ಮೊದಲನೆಯದು. ಎನ್‌ಒಸಿ ಕೇಳಿ ಅರ್ಜಿ ಕೊಟ್ಟರೆ ವಿಶ್ವವಿದ್ಯಾಲಯದಿಂದ ಬಂದ ಉತ್ತರ ಇಷ್ಟೇ: ‘ವಿದ್ಯಾರ್ಥಿನಿಯ ವಿಷಯಕ್ಕೆ ಸಂಬಂಧಿಸಿಲ್ಲ. ಇಂಟರ್ನ್‌ಶಿಪ್ ಕ್ರೆಡಿಟ್ ನೀಡಲು ಬರುವುದಿಲ್ಲ. ಹಾಜರಾತಿ ಕೊರತೆಗೆ ವಿದ್ಯಾರ್ಥಿನಿಯೇ ಹೊಣೆ.’ ಅವಳ ಸಹಪಾಠಿ ಒಬ್ಬ ತನ್ನ ಮಾವನ ಅಂಗಡಿಯ ವೆಬ್‌ಸೈಟ್ ಮಾಡಿ ಪೂರ್ತಿ ಕ್ರೆಡಿಟ್ ತೆಗೆದುಕೊಂಡ. ಅದು ವಿಷಯಕ್ಕೆ ಸಂಬಂಧಿಸಿತ್ತು.

ಹಾಗಂತ ನಮ್ಮಲ್ಲಿ ಒಪ್ಪಂದಗಳಿಗೆ ಬರವಿಲ್ಲ. ಎಂಒಯು ಮೇಲೆ ಎಂಒಯು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮರುದಿನ ಪೇಪರಿನಲ್ಲಿ ಫೋಟೊ. ನಮ್ಮ ಕಾಲೇಜಿನಲ್ಲೇ ಒಂದು ಆಸ್ಪತ್ರೆಯ ಜೊತೆ ಮಾಡಿಕೊಂಡ ಒಪ್ಪಂದ ನಾಲ್ಕು ವರ್ಷದಿಂದ ಫ್ರೇಮಿನಲ್ಲಿ ತೂಗಾಡುತ್ತಿದೆ. ಆ ಆಸ್ಪತ್ರೆಗೆ ಇವತ್ತಿನವರೆಗೆ ಒಬ್ಬ ವಿದ್ಯಾರ್ಥಿಯೂ ಹೋಗಿಲ್ಲ. ಹೋಗುವ ದಿನ ಹಾಜರಾತಿ ಏನು ಮಾಡುವುದು ಎಂದು ಯಾರೂ ಬರೆದಿಲ್ಲವಲ್ಲ.

ನಿಯಮ ದೆಹಲಿಯದು, ನಮ್ಮ ಕೈಲಿಲ್ಲ ಎಂದು ನೀವು ಹೇಳಬಹುದು. ಅರ್ಧ ನಿಜ. ಯುಜಿಸಿಯ 2018ರ ನಿಯಮಾವಳಿಯಲ್ಲೇ ಸಂಬಂಧಪಟ್ಟ ಅಥವಾ ಪೂರಕ ವಿಷಯ ಎಂಬ ಮಾತಿದೆ. ಯಾವುದು ಪೂರಕ ಎಂದು ತೀರ್ಮಾನಿಸುವಾಗ ಬಾಗಿಲು ಹಾಕಿಕೊಳ್ಳುವವರು ನಾವೇ. 2020ರ ಶಿಕ್ಷಣ ನೀತಿ ಪುಟಪುಟಕ್ಕೂ ಬಹುಶಿಸ್ತು ಎನ್ನುತ್ತದೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲಿ, ಪದವಿಯ ವಿಷಯ ಬೇರೆ ಇದ್ದರೂ ಪಿಎಚ್‌ಡಿಯ ವಿಷಯದಲ್ಲಿ ಪಾಠ ಮಾಡಲು ಅವಕಾಶ ಇರಲಿ ಎಂಬ ಅಂಶವಿತ್ತು. ಆ ಕರಡಿನ ಬೇರೆ ಅಂಶಗಳಿಗೆ, ಅದರಲ್ಲೂ ಕುಲಪತಿ ನೇಮಕದ ವಿಚಾರಕ್ಕೆ, ನಮ್ಮ ರಾಜ್ಯ ವಿರೋಧ ಮಾಡಿದೆ. ಆ ಜಗಳ ನಡೆಯಲಿ. ಆದರೆ ಈ ಒಂದು ಒಳ್ಳೆಯ ಅಂಶವನ್ನು ಜಗಳದ ಜೊತೆ ಎಸೆಯಬೇಡಿ. ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ ಎನ್‌ಇಟಿಯ ವಿಷಯಗಳ ಪಟ್ಟಿಯಲ್ಲಿ ಜೀವವಿಜ್ಞಾನ ಇದೆ, ಕಂಪ್ಯೂಟರ್ ಸೈನ್ಸ್ ಇದೆ, ನರವಿಜ್ಞಾನ ಅಂತ ಬೇರೆಯಾಗಿ ಇಲ್ಲ. ಅಂದ ಮೇಲೆ ಆ ಕ್ಷೇತ್ರದಲ್ಲಿ ದುಡಿದವರಿಗೆ ಪೂರಕ ವಿಷಯ ಎಂಬ ಕಿಟಕಿ ಬಿಟ್ಟರೆ ಬೇರೆ ದಾರಿ ಎಲ್ಲಿದೆ?

ನನ್ನ ಕೋರಿಕೆ ದೊಡ್ಡದೇನಲ್ಲ. ಎಂಟು ವಾರದವರೆಗೆ ಬೇರೆ ವಿಭಾಗದ, ಬೇರೆ ಸಂಸ್ಥೆಯ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಅದನ್ನು ರಜೆ ಎನ್ನದೆ ಹಾಜರಾತಿ ಎಂದು ಬರೆಯಿರಿ, ವಿದ್ಯಾರ್ಥಿಗೂ ಅಧ್ಯಾಪಕರಿಗೂ. ಅದಕ್ಕೆ ಇಂಟರ್ನ್‌ಶಿಪ್ ಕ್ರೆಡಿಟ್ ಕೊಡಿ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡಲು ಕ್ರೆಡಿಟ್ ಬ್ಯಾಂಕ್ ಅಂತ ಮಾಡಿಟ್ಟಿದ್ದೀರಲ್ಲ, ಅದು ಮತ್ತೆ ಯಾತಕ್ಕೆ? ಪಿಎಚ್‌ಡಿಗೆ ಎರಡು ವಿಭಾಗದ ಇಬ್ಬರು ಗೈಡ್ ಇದ್ದರೆ ಇಬ್ಬರಿಗೂ ಸಮಾನ ಅಂಕ ಕೊಡಿ. ಈಗ ಕೋ-ಗೈಡ್ ಎಂದರೆ ಮದುವೆ ಪತ್ರಿಕೆಯ ಕೊನೆಯ ಸಾಲಿನ ಹೆಸರು. ನೇಮಕಾತಿ ಸಮಿತಿಯಲ್ಲಿ ಇಂಥ ಅಭ್ಯರ್ಥಿ ಬಂದಾಗ ಆಚೆ ವಿಷಯದ ಒಬ್ಬರನ್ನಾದರೂ ಕೂರಿಸಿ, ಪೇಪರ್ ಓದಿಸಿ ಅಂಕ ಹಾಕಿಸಿ.

ಮತ್ತೆ, ಓಡಾಟ ಎರಡೂ ಕಡೆಯಿಂದ ಇರಲಿ. ನಮ್ಮ ಹುಡುಗರು ಆಸ್ಪತ್ರೆಗೆ ಹೋಗುವುದಷ್ಟೇ ಅಲ್ಲ, ಇಇಜಿ ಟೆಕ್ನಿಶಿಯನ್ನರು, ನರವಿಜ್ಞಾನದ ವಿದ್ಯಾರ್ಥಿಗಳು ನಮ್ಮ ಕಂಪ್ಯೂಟರ್ ಲ್ಯಾಬಿಗೆ ಬರಲಿ. ಟಿಎ ಡಿಎ ಕೊಟ್ಟು ಗೌರವದಿಂದ ಕರೆಸಿ. ನನ್ನ ಪಾಠಕ್ಕೆ ಆ ಟೆಕ್ನಿಶಿಯನ್ ಒಂದು ಗಂಟೆ ಬಂದರೆ ನಾನು ಒಂದು ತಿಂಗಳು ಹೇಳುವುದನ್ನು ಹಲ್ಲು ಕಚ್ಚಿ ತೋರಿಸಿಬಿಡುತ್ತಾರೆ.

ದುಡ್ಡಿನ ವಿಚಾರವನ್ನೂ ಮುಚ್ಚಿಡದೆ ಹೇಳುತ್ತೇನೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಂಥ ಕೆಲವು ದಾರಿಗಳಿವೆ, 2020ರಿಂದ ನ್ಯೂರೋಮ್ಯಾಚ್ ಎಂಬ ಆನ್‌ಲೈನ್ ಬೇಸಿಗೆ ಶಾಲೆಯೂ ನಡೆಯುತ್ತಿದೆ. ಆದರೆ ಬೆಂಗಳೂರಿನ ಮಕ್ಕಳಿಗೆ ಐಐಎಸ್‌ಸಿ ಅಂದರೆ ಒಂದು ಬಿಎಂಟಿಸಿ ಪಾಸು. ರಾಯಚೂರು, ಹಾವೇರಿ, ಚಾಮರಾಜನಗರದ ಮಕ್ಕಳಿಗೆ ಅದು ಎರಡು ತಿಂಗಳ ಪಿಜಿ ಬಾಡಿಗೆ, ಅಡ್ವಾನ್ಸು, ಊಟ. ಒಂದು ಎಂಒಯು ಸಮಾರಂಭದ ಶಾಮಿಯಾನ, ಊಟ, ಶಾಲಿನ ಖರ್ಚಿನಲ್ಲಿ ಒಬ್ಬ ವಿದ್ಯಾರ್ಥಿಯ ಆ ಎರಡು ತಿಂಗಳು ಆರಾಮಾಗಿ ಕಳೆಯುತ್ತದೆ. ವರ್ಷಕ್ಕೆ ಒಂದು ಸಮಾರಂಭ ಕಡಿಮೆ ಮಾಡಿ ನೋಡಿ.

ನನ್ನ ಸಂದರ್ಶನದ ಫೈಲು ಮುಚ್ಚಿದೆ, ಅದನ್ನು ತೆರೆಯಿರಿ ಎಂದು ಕೇಳುತ್ತಿಲ್ಲ. ಆ ಹುಡುಗಿ ಮರುಪರಿಶೀಲನೆ ಕೋರಿ ಕೊಟ್ಟ ಅರ್ಜಿ ನಿಮ್ಮಲ್ಲೊಬ್ಬರ ಕಚೇರಿಯಲ್ಲಿ ಟಪಾಲಿನ ಕಟ್ಟಿನೊಳಗೆ ಇದೆ. ಲ್ಯಾಬಿನವರು ಅವಳಿಗಾಗಿ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಹಿಡಿದಿಡುತ್ತೇವೆ ಎಂದಿದ್ದಾರೆ. ‘ವಿಷಯ’ ಎಂಬಲ್ಲಿ ಅವಳೂ ಎರಡು ಪದ ಬರೆದಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ. ದಯವಿಟ್ಟು ಎರಡನ್ನೂ ಓದಿ, ಸಹಿ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ